ಊರಿಗೆ ಓಡುವ ಖರ್ಚು

2015ರ ಜೂನ್‌ನಲ್ಲಿ ಈ ಅಂಕಣ ಬರೆಯುವಾಕೆ ಮುಂಬೈ ಕೆಲಸ ಬಿಟ್ಟು ಬೆಂಗಳೂರಿಗೆ ಬಂದಾಗ ಕುಂದಾಪುರದ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಸಂಬಳ 38,000 ರೂಪಾಯಿಯಿಂದ 52,000ಕ್ಕೆ ಏರಿತ್ತು. ಡೊಂಬಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯ ಬದಲು ಬಿಟಿಎಂ ಬಡಾವಣೆಯಲ್ಲಿ ಎರಡು ಬೆಡ್‌ರೂಮಿನ ಮನೆ. ಎಲ್ಲೆಡೆ ಕನ್ನಡ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರು. ಇದಕ್ಕಿಂತ ಲಾಭ ಇನ್ನೇನು ಬೇಕು ಎಂದುಕೊಂಡಳು.

ವರ್ಷ ಕಳೆದ ಮೇಲೆ ಪಾಸ್‌ಬುಕ್ ತೆರೆದರೆ, ಮುಂಬೈಯಲ್ಲಿದ್ದಾಗ ಉಳಿಯುತ್ತಿದ್ದಷ್ಟೂ ಉಳಿದಿರಲಿಲ್ಲ.

ಆಕೆಗೆ ಖರ್ಚು ಬರೆದಿಡುವ ಅಭ್ಯಾಸವಿತ್ತು. ಎರಡೂ ಊರಿನ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಳು. ಏರಿದ ಸಂಬಳ 14,000. ಬಾಡಿಗೆ 9,000ದಿಂದ 16,000ಕ್ಕೆ ಹೋದದ್ದರಿಂದ ಅದರಲ್ಲಿ ಅರ್ಧ ಅಲ್ಲೇ ಮುಗಿಯಿತು. ಕೊಟ್ಟಿದ್ದ ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ, ಅಂದರೆ 1,60,000 ರೂಪಾಯಿ. ಅಷ್ಟನ್ನು ಶೇ 8ರ ಬಡ್ಡಿಗೆ ಠೇವಣಿ ಇಟ್ಟಿದ್ದರೆ ವರ್ಷಕ್ಕೆ 12,800 ಬರುತ್ತಿತ್ತು. ಅದು ಕಣ್ಣಿಗೆ ಕಾಣದ ಬಾಡಿಗೆ, ತಿಂಗಳಿಗೆ ಸಾವಿರಕ್ಕೂ ಮೇಲೆ. ಸಿಲ್ಕ್‌ಬೋರ್ಡ್ ದಾಟಿ ಆಫೀಸು ಸೇರಲು ಆಟೊ, ಕ್ಯಾಬಿಗೆ 4,600. ಇಷ್ಟನ್ನು ಆಕೆ ಊಹಿಸಿದ್ದಳು. ಊಹಿಸದೇ ಇದ್ದದ್ದು ಇನ್ನೊಂದು ಸಾಲು: ಕುಂದಾಪುರದ ಬಸ್ಸು, 3,800.

ತಿಂಗಳಿಗೆ ಎರಡು ಸಲ, ಶುಕ್ರವಾರ ರಾತ್ರಿ, ಏರಿಸಿದ ದರ ಕೊಟ್ಟು ಊರಿಗೆ. ಮುಂಬೈಯಲ್ಲಿದ್ದ ಮೂರು ವರ್ಷ ಆಕೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದ್ದು ವರ್ಷಕ್ಕೆ ಎರಡೇ ಸಲ. ಅಪ್ಪ ಅಮ್ಮನ ಮೇಲಿನ ಪ್ರೀತಿ ಬೆಂಗಳೂರಿಗೆ ಬಂದ ಕೂಡಲೇ ಹೆಚ್ಚಾಯಿತೇ? ಇಲ್ಲ. ಆಕೆಗೆ ಸುತ್ತ ಜನ ಬೇಕು. ಡೊಂಬಿವಲಿಯ ಬೆಳಗಿನ ಲೋಕಲ್‌ನಲ್ಲಿ, ಮಹಿಳೆಯರ ಡಬ್ಬಿಯಲ್ಲಿ, ಸೊಪ್ಪು ಬಿಡಿಸುತ್ತಲೇ ಮನೆಯ ಸುದ್ದಿಯೆಲ್ಲ ಹೇಳಿಕೊಳ್ಳುವ ಗುಂಪಿತ್ತು. ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಏನಾದರೊಂದು ಕಾರ್ಯಕ್ರಮ, ಪಕ್ಕದ ಉಡುಪಿ ಹೋಟೆಲಿನಲ್ಲಿ ಊಟ. ರಾತ್ರಿ ಹತ್ತಕ್ಕೆ ರೈಲಿಳಿದು ಒಬ್ಬಳೇ ನಡೆದು ಮನೆ ಸೇರುತ್ತಿದ್ದಳು. ಘಾಟ್ಕೋಪರ್‌ನಿಂದ ಅಂಧೇರಿ ಕಡೆಗೆ ಬಸ್ಸಿನಲ್ಲಿ ಹೋಗುವುದು ಮಾತ್ರ ದೊಡ್ಡ ಸಂಕಟವಾಗಿತ್ತು. 2014ರ ಜೂನ್‌ನಲ್ಲಿ ಅಲ್ಲಿ ಮೆಟ್ರೊ ಓಡತೊಡಗಿದ ಮೇಲೆ ಅದೂ ಕಳೆಯಿತು. ಲೋಕಲ್‌ನ ಮಾಸಿಕ ಪಾಸು ಇಡೀ ತಿಂಗಳ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣ ಮೊತ್ತ.

ಬೆಂಗಳೂರಿನ ಎರಡು ಬೆಡ್‌ರೂಮುಗಳಲ್ಲಿ ಅವಳೊಬ್ಬಳೇ. ವಾರ ಮುಗಿಯುವಷ್ಟರಲ್ಲಿ ಓಡಿಹೋಗಬೇಕು ಅನ್ನಿಸುತ್ತಿತ್ತು. ಎಲ್ಲ ಕೂಡಿಸಿದರೆ ಹೆಚ್ಚಿನ ಖರ್ಚು 16,400 ದಾಟಿತ್ತು, ಏರಿದ ಸಂಬಳಕ್ಕಿಂತ ಸುಮಾರು ಎರಡೂವರೆ ಸಾವಿರ ಜಾಸ್ತಿ.

ಇದರಲ್ಲಿ ಬೆಂಗಳೂರಿನ ತಪ್ಪೇನೂ ಇಲ್ಲ. ಆಕೆಯ ತಮ್ಮನ ಪುಸ್ತಕ ನೋಡಿದರೆ ಲೆಕ್ಕ ಪೂರ್ತಿ ತಿರುಗಾಮುರುಗಾ. ಅವನೂ ಎರಡು ವರ್ಷ ಮುಂಬೈಯಲ್ಲಿದ್ದವನೇ. ರಜೆ ಸಿಕ್ಕಿದಾಗಲೆಲ್ಲ ಮಾಥೇರಾನ್, ಲೋನಾವಳಾ ಎಂದು ಬೆಟ್ಟ ಹುಡುಕಿಕೊಂಡು ಹೋಗಿ ದುಡ್ಡು ಕಳೆಯುತ್ತಿದ್ದ. "ಅಕ್ಕ, ನಂಗೆ ಆ ಗೌಜಿ ಆತಿಲ್ಲೆ" ಎಂದು ಕೊನೆಗೆ ಜಯನಗರಕ್ಕೆ ಬಂದ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡಿಗೆ, ತಾರಸಿಯಲ್ಲಿ ಹತ್ತು ಕುಂಡ, ಮನೆಯಲ್ಲೇ ಅಡುಗೆ, ಬಹುಪಾಲು ದಿನ ಮನೆಯಿಂದಲೇ ಕೆಲಸ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು. ಅವನ ಮನೆಯಲ್ಲಿ ಎಸಿ ಇಲ್ಲ, ಕರೆಂಟ್ ಬಿಲ್ಲು ಏರುವುದಿಲ್ಲ. ಅಕ್ಕನ ಜೇಬು ಖಾಲಿ ಮಾಡಿದ ಊರಿನಲ್ಲೇ ತಮ್ಮ ಒಂದು ನಿವೇಶನಕ್ಕಾಗುವಷ್ಟು ಕೂಡಿಟ್ಟ.

ಕೆಲಸ ಬದಲಿಸುವವರು ಸಾಮಾನ್ಯವಾಗಿ ಸಂಬಳ ಮತ್ತು ಬಾಡಿಗೆ ಎರಡನ್ನೇ ತೂಗುತ್ತಾರೆ. ಹೊಸ ಊರು ತನ್ನ ಸ್ವಭಾವಕ್ಕೆ ಒಗ್ಗದಿದ್ದರೆ ಅದನ್ನು ಸಹಿಸಿಕೊಳ್ಳಲೂ ದುಡ್ಡು ಬೇಕೆಂಬುದು ಆ ತೂಕದಲ್ಲಿ ಬರುವುದಿಲ್ಲ. ಹೋಟೆಲು, ಪ್ರವಾಸ, ಬೇಸರಕ್ಕೆ ಕೊಂಡ ಬಟ್ಟೆ, ಊರಿನ ಬಸ್ಸು: ಒಂದೊಂದೂ ಬೇರೆ ಬೇರೆ ಹೆಸರಿನಲ್ಲಿ ಹೋಗುತ್ತದೆ, ಕಾರಣ ಮಾತ್ರ ಒಂದೇ.

ಅಡ್ವಾನ್ಸಿನ ವಿಷಯದಲ್ಲಿ ಇನ್ನೊಂದು ಮಾತು. ಮನೆ ಬಿಡುವಾಗ ಮಾಲೀಕರು ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡೇ ಉಳಿದದ್ದನ್ನು ಕೊಟ್ಟರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಜಾರಿಗೆ ತರಬೇಕು. ಅಲ್ಲಿಯವರೆಗೆ ಚೌಕಾಸಿ ಮಾಡಲೇಬೇಕು, ಮುರಿದುಕೊಳ್ಳುವುದು ಎಷ್ಟೆಂಬುದನ್ನು ಕರಾರುಪತ್ರದಲ್ಲೇ ಬರೆಸಿಕೊಳ್ಳಬೇಕು.

2017ರಲ್ಲಿ ಆಕೆ ಕಡಿಮೆ ಸಂಬಳಕ್ಕೆ ಒಪ್ಪಿ ಡೊಂಬಿವಲಿಗೆ ಮರಳಿದಳು. ಊರಿಗೆ ಈಗ ಮತ್ತೆ ವರ್ಷಕ್ಕೆ ಎರಡೇ ಸಲ.

ದೊಡ್ಡ ಊರಿಗೆ ಹೊರಟಿರುವವರು ಅಡ್ವಾನ್ಸ್ ಎಣಿಸಿಕೊಡುವ ಮೊದಲು ಮೂರು ತಿಂಗಳು ಪಿಜಿಯಲ್ಲಿದ್ದು ನೋಡಿ. ಖರ್ಚಿನ ಪುಸ್ತಕದಲ್ಲಿ, ಆ ಊರಿನಿಂದ ದೂರ ಹೋಗಲು ಖರ್ಚಾದ ಹಣಕ್ಕೆ ಒಂದು ಪ್ರತ್ಯೇಕ ಸಾಲು ಇಡಿ. ಮೂರನೇ ತಿಂಗಳಲ್ಲೂ ಆ ಮೊತ್ತ ಇಳಿಯದಿದ್ದರೆ, ಅಲ್ಲಿ ಮನೆ ಹಿಡಿಯಬೇಡಿ.