ಆಣೆ ಲೆಕ್ಕದವನ ಕೈಗೆ ನಯಾಪೈಸೆಯ ಚೀಟಿ

ಕಂಪ್ಯೂಟರ್ ಕಲಿಯಲು ಬರುವವರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ದೂರು ಇದು: "ಸರ, ಪೆನ್‌ಡ್ರೈವ್‌ನ್ಯಾಗ ಫೈಲ್ ಕಾಣಾಕತ್ತೈತಿ, ಆದ್ರ ತಗಿಯಾಕ ಬರವಲ್ದ್ರಿ."

ಹೀಗೆ ಅಂದುಕೊಳ್ಳಿ. ಬೈಲಹೊಂಗಲದ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿದೆ. ರಾಮದುರ್ಗದ ಅಂಗಡಿಯಲ್ಲಿ ಮಾತ್ರ ಮೈಕ್ರೋಸಾಫ್ಟ್‌ನ ದತ್ತಾಂಶ ತಂತ್ರಾಂಶವಾದ ಆಕ್ಸೆಸ್ 2003 ಹಾಕಿದ ಹಳೆಯದೇ ಇದೆ. ಗಟ್ಟಿಮುಟ್ಟಾಗಿದೆ, ಬಿಡಲು ಮನಸ್ಸಿಲ್ಲ. ಬೈಲಹೊಂಗಲದಲ್ಲಿ ಬರೆದ ಗಿರಾಕಿಗಳ ಪಟ್ಟಿ ಪೆನ್‌ಡ್ರೈವ್‌ನಲ್ಲಿ ಸವದತ್ತಿ ದಾಟಿ ರಾಮದುರ್ಗಕ್ಕೆ ತಲುಪಿತು. ಎರಡು ಸಲ ಒತ್ತಿದರೂ ಹಳೆಯ ಆಕ್ಸೆಸ್ ಅದನ್ನು ತೆರೆಯಲೊಲ್ಲದು. ಮೊದಲ ಅನುಮಾನ ಪೆನ್‌ಡ್ರೈವ್ ಮೇಲೆ, ಎರಡನೆಯದು ವೈರಸ್ ಮೇಲೆ. ಪಾಪ, ಎರಡೂ ನಿರಪರಾಧಿಗಳು.

ಕಾರಣ ತಿಳಿಯಲು 1957ಕ್ಕೆ ಹೋಗೋಣ. ಆ ವರ್ಷದ ಏಪ್ರಿಲ್ 1ರಂದು ನಯಾಪೈಸೆ ಬಂತು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆಣೆ ಲೆಕ್ಕ ಬಿಟ್ಟು ಬೇರೆ ಅರಿಯದ ಗುಮಾಸ್ತನ ಕೈಗೆ 3 ರೂಪಾಯಿ 75 ನಯಾಪೈಸೆಗೆ '3–75' ಎಂದು ಬರೆದ ಚೀಟಿ ಕೊಟ್ಟರೆ ಏನಾದೀತು? 75 ಆಣೆ ಎಂದರೆ 4 ರೂಪಾಯಿ 11 ಆಣೆ, ಮೇಲೆ 3 ರೂಪಾಯಿ, ಒಟ್ಟು 7 ರೂಪಾಯಿ 11 ಆಣೆ ಎಂದು ಬರೆದುಬಿಡುತ್ತಾನೆ. ನಿಜವಾದ ಮೊತ್ತ 3 ರೂಪಾಯಿ 12 ಆಣೆ. ಅವನ ಕೂಡಿಕೆ ತಪ್ಪಿಲ್ಲ, ಓದಿದ ರೀತಿ ತಪ್ಪು. "ಈ ಚೀಟಿ ನನಗೆ ತಿಳಿಯೂದಿಲ್ಲ" ಎಂದು ಮರಳಿ ಕೊಟ್ಟಿದ್ದರೆ ಅಂಗಡಿ ಉಳಿಯುತ್ತಿತ್ತು. ಹಳೆಯ ತಂತ್ರಾಂಶ ಮಾಡುವುದೂ ಅದನ್ನೇ. ಅದು ಹಟ ಹಿಡಿದಿದೆ ಎಂದು ನಾವು ಬೈಯುತ್ತೇವೆ. ನನಗಂತೂ ಅದು ಪ್ರಾಮಾಣಿಕತೆಯಾಗಿ ಕಾಣುತ್ತದೆ.

ಚೀಟಿ ಹೊಸದೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಫೈಲಿನ ತಲೆಯಲ್ಲೇ ಗುರುತು ಇರುತ್ತದೆ. ಹಳೆಯ ಎಂಡಿಬಿ ಫೈಲಿನ ಆರಂಭದಲ್ಲಿ 'ಸ್ಟ್ಯಾಂಡರ್ಡ್ ಜೆಟ್ ಡಿಬಿ' ಎಂದೂ, ಆಕ್ಸೆಸ್ 2007ರೊಂದಿಗೆ ಬಂದ ಎಸಿಸಿಡಿಬಿ ಫೈಲಿನಲ್ಲಿ 'ಸ್ಟ್ಯಾಂಡರ್ಡ್ ಏಸ್ ಡಿಬಿ' ಎಂದೂ ಬರೆದಿರುತ್ತದೆ. ಆದ್ದರಿಂದ ಹೆಸರಿನ ಬಾಲ ಬದಲಿಸಿ ಎಂಡಿಬಿ ಎಂದು ಮಾಡಿದರೆ ಉಪಯೋಗವಿಲ್ಲ. ಕಿತ್ತೂರಿನ ಬೋರ್ಡ್ ಹಾಕಿದ ಮಾತ್ರಕ್ಕೆ ಸವದತ್ತಿ ಬಸ್ಸು ಕಿತ್ತೂರಿಗೆ ಹೋಗುತ್ತದೆಯೇ?

ಮೊಬೈಲ್ ಫೋನುಗಳಲ್ಲಿ ಅಡಗಿರುವ ಎಸ್‌ಕ್ಯೂಲೈಟ್ ಎಂಬ ದತ್ತಾಂಶ ತಂತ್ರಾಂಶ ಇನ್ನೂ ಜಾಣ. ಅದರ ಫೈಲಿನ ತಲೆಯಲ್ಲಿ ಎರಡು ಅಂಕಿಗಳಿವೆ, ಒಂದು ಓದಲು, ಇನ್ನೊಂದು ಬರೆಯಲು. ಬರೆಯುವ ಅಂಕಿ ಮಾತ್ರ ತನಗೆ ಮೀರಿದ್ದರೆ ತಂತ್ರಾಂಶ ಓದಿ ತೋರಿಸುತ್ತದೆ, ತಿದ್ದಲು ಬಿಡುವುದಿಲ್ಲ. ಓದುವ ಅಂಕಿಯೇ ಮೀರಿದ್ದರೆ ಮುಟ್ಟುವುದೇ ಇಲ್ಲ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಫೈಲಿನಲ್ಲಿರುವ ಮಾಹಿತಿ ಹೊಸದಾದರೆ ತೊಂದರೆಯಿಲ್ಲ. ಕಿತ್ತೂರು ಮೊದಲು ಬೈಲಹೊಂಗಲ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ತಾಲ್ಲೂಕಿನ ಕಾಲಮ್ಮಿನಲ್ಲಿ 'ಕಿತ್ತೂರು' ಎಂದು ಬರೆದರೆ ಇಪ್ಪತ್ತು ವರ್ಷದ ಹಿಂದಿನ ಆಕ್ಸೆಸ್ ಕೂಡ ತಕರಾರು ಮಾಡುವುದಿಲ್ಲ. ಅದೇ ಸಾಲಿಗೆ ಗಿರಾಕಿಯ ಫೋಟೋ ಅಂಟಿಸಲು ಅಟ್ಯಾಚ್‌ಮೆಂಟ್ ಕಾಲಮ್ ಸೇರಿಸಿದಿರೋ, ಮಾತು ಬೇರೆ. ಅದು 2007ರಲ್ಲಿ ಬಂದ ಸೌಲಭ್ಯ. ಎಂಡಿಬಿಯಲ್ಲಿ ಅದಕ್ಕೆ ಜಾಗವಿಲ್ಲ. 2010ರ ಆಕ್ಸೆಸ್‌ನಲ್ಲಿ ತಾನೇ ಲೆಕ್ಕ ಹಾಕಿಕೊಳ್ಳುವ ಕಾಲಮ್ ಬಂತು. ಅದನ್ನು ಹಾಕಿದ ಫೈಲನ್ನು, ಬಾಲ ಎಸಿಸಿಡಿಬಿಯೇ ಆಗಿದ್ದರೂ, 2007ರ ಆಕ್ಸೆಸ್ ತೆರೆಯದು.

ಹಾಗಾದರೆ ರಾಮದುರ್ಗದವರಿಗೆ ದಾರಿ? ದಾರಿ ಇರುವುದು ಬೈಲಹೊಂಗಲದಲ್ಲಿ. ಹೊಸ ಕಂಪ್ಯೂಟರಿನಲ್ಲಿ ಫೈಲ್ ತೆರೆದು, 'ಸೇವ್ ಆ್ಯಸ್'ನಲ್ಲಿ 2002–2003ರ ನಮೂನೆ ಆರಿಸಿ ಇನ್ನೊಂದು ಪ್ರತಿ ಮಾಡಿ. ಒಲ್ಲೆ ಎಂದರೆ ಸಾಮಾನ್ಯವಾಗಿ ಎಲ್ಲೋ ಹೊಸ ಬಗೆಯ ಕಾಲಮ್ ಕೂತಿದೆ ಎಂದರ್ಥ. ಫೈಲನ್ನು ನಕಲು ಮಾಡಿ, ಆ ನಕಲಿನಲ್ಲಿ ಅದನ್ನು ತೆಗೆದು ಮತ್ತೆ ನೋಡಿ, ಮೂಲವನ್ನು ಮುಟ್ಟಬೇಡಿ. ಹಳೆಯ ಆಫೀಸಿಗಾಗಿ ಮೈಕ್ರೋಸಾಫ್ಟ್ ಹಿಂದೆ ಕೊಡುತ್ತಿದ್ದ ಹೊಂದಾಣಿಕೆ ಪ್ಯಾಕ್ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಷ್ಟೇ ಇತ್ತು, ಆಕ್ಸೆಸ್‌ಗೆ ಇರಲಿಲ್ಲ. ಅದನ್ನು ಹುಡುಕುತ್ತಾ ದಿನ ಕಳೆಯಬೇಡಿ.

ಅದೂ ಆಗದಿದ್ದರೆ ಸಿಎಸ್‌ವಿ. ಪ್ರತಿ ಟೇಬಲ್ಲನ್ನೂ ಅಲ್ಪವಿರಾಮ ಹಾಕಿದ ಸಾದಾ ಪಠ್ಯವಾಗಿ ಹೊರತೆಗೆಯುವುದು. ಫಾರ್ಮ್, ಕ್ವೆರಿ, ಟೇಬಲ್‌ಗಳ ನಡುವಿನ ನಂಟು ಯಾವುದೂ ಜೊತೆಗೆ ಬರುವುದಿಲ್ಲ. ಅಕ್ಕಿ ಬರುತ್ತದೆ, ಚೀಲ ಬರುವುದಿಲ್ಲ. ಕನ್ನಡದ ಹೆಸರುಗಳು ಯೂನಿಕೋಡ್‌ನಲ್ಲಿದ್ದರೆ ಹೊರತೆಗೆಯುವಾಗ ಯುಟಿಎಫ್-8 ಆರಿಸಿ, ಇಲ್ಲದಿದ್ದರೆ ಹೆಸರಿದ್ದ ಕಡೆ ಬರೀ ಪ್ರಶ್ನೆಚಿಹ್ನೆ ಕಂಡೀತು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಅಲ್ಲಿಯೂ ಅದೇ ಫಾಂಟ್ ಬೇಕು.

ಅಂಗಡಿಕಾರರಿಗೆ ಈ ತೊಂದರೆ ಹೆಚ್ಚಾಗಿ ತಟ್ಟುವುದು ಬೆಂಗಳೂರಿನಲ್ಲೇ ತಯಾರಾಗುವ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ. 2020ರಲ್ಲಿ ಟ್ಯಾಲಿಪ್ರೈಮ್ ಬಂತು. 2023ರ 3.0 ಆವೃತ್ತಿಯಲ್ಲಿ ಹಳೆಯ ಕಂಪನಿ (ಟ್ಯಾಲಿಯಲ್ಲಿ ಲೆಕ್ಕದ ಪುಸ್ತಕಕ್ಕಿರುವ ಹೆಸರು) ತೆರೆಯಲು ಹೋದರೆ, ದತ್ತಾಂಶವನ್ನು ಹೊಸ ನಮೂನೆಗೆ ಬದಲಿಸಲೇ ಎಂದು ಅದು ಕೇಳುತ್ತದೆ. ಹೂಂ ಎಂದರೆ ಬದಲಾದ ಲೆಕ್ಕವನ್ನು ಹಿಂದಿನ ಆವೃತ್ತಿ ತೆರೆಯುವುದಿಲ್ಲ. ನಿಮ್ಮ ತೆರಿಗೆ ಸಲಹೆಗಾರರ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ ಎಂದು ಅವರಿಗೆ ಮೊದಲು ಫೋನ್ ಮಾಡಿ ಕೇಳಿ. ಆಮೇಲೆ ಡೇಟಾ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿ, ಅದರ ಹೆಸರಿನಲ್ಲೇ ತಾರೀಖು ಮತ್ತು ಆವೃತ್ತಿ ಬರೆದಿಡಿ. ಹೂಂ ಎನ್ನುವುದು ಅದಾದ ಮೇಲೆ.