ಬಾಯಿ, ಕಾವು, ಬೆಣೆ

ಹೊಳಲ್ಕೆರೆ

ಹೊಸದಾಗಿ ಕೊಡಲಿ ಹಿಡಿದ ತಮ್ಮನಿಗೆ,

ಮರ ಕಡಿಯುವ ಕೆಲಸಕ್ಕೆ ಇಳಿದಿದ್ದೀಯಂತೆ. ಎಲ್ಲ ಕಡೆ ಮರ ಕೊಯ್ಯುವ ಯಂತ್ರ ಬಂದಿರುವಾಗ ಕೊಡಲಿ ಯಾಕೆ ಎನ್ನುವವರು ಸಿಗುತ್ತಾರೆ. ಅವರ ಮಾತಿಗೆ ಎದೆಗುಂದಬೇಡ. ಮಣ್ಣು ಮೆತ್ತಿದ ಬೇರಿಗೆ ತಗುಲಿದರೆ ಯಂತ್ರದ ಹಲ್ಲು ಗಳಿಗೆಯಲ್ಲಿ ಮೊಂಡಾಗುತ್ತದೆ. ಬುಡ ಬಿಡಿಸಲು, ರೆಂಬೆ ಸವರಲು, ಸೌದೆ ಸೀಳಲು ಕೊನೆಗೂ ಕೊಡಲಿಯೇ ಬೇಕು. 2016-17ರ ಬರದಲ್ಲಿ ಬೋರ್‌ವೆಲ್ ಬತ್ತಿ ನಮ್ಮ ಸೀಮೆಯ ಅಡಿಕೆ, ತೆಂಗಿನ ತೋಟಗಳು ಒಣಗಿದಾಗ, ಮಕ್ಕಳಂತೆ ಸಾಕಿದ ಮರಗಳನ್ನು ಮಾಲೀಕರೇ ನಿಂತು ಕಡಿಸಬೇಕಾಯಿತು. ಅಂಥ ಕಡೆ ಹೋದಾಗ ಕೆಲಸ ಚೊಕ್ಕವಾಗಿರಬೇಕು. ಅದಕ್ಕೆ ಮೊದಲು ಹತಾರ ಚೊಕ್ಕವಾಗಿರಬೇಕು.

ಸಂತೆಯಲ್ಲಿ ಬಣ್ಣ ಬಳಿದು ಸಾಲಾಗಿ ಇಟ್ಟ ಕೊಡಲಿಗಳನ್ನು ನೋಡಿ ಮರುಳಾಗಬೇಡ. ಬಣ್ಣದ ಕೆಳಗೆ ಬಿರುಕಿರಬಹುದು. ಕೊಡಲಿಯನ್ನು ದಾರಕ್ಕೆ ತೂಗುಹಾಕಿ ಸಣ್ಣ ಕಬ್ಬಿಣದಿಂದ ತಟ್ಟು. ಗಂಟೆಯ ಹಾಗೆ ದನಿ ಬಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಅಲ್ಲೇ ಇಟ್ಟುಬಿಡು. ಆಮೇಲೆ ಕಾವು ತೂರಿಸುವ ತೂತಿನ ಮೂಲಕ ಒಂದು ಕಣ್ಣು ಮುಚ್ಚಿ ನೋಡು. ಬಾಯಿ ಅದರ ನಡುಗೆರೆಗೆ ನೇರವಾಗಿರಬೇಕು. ಒಂದು ಕಡೆ ವಾಲಿದ ಕೊಡಲಿ ಪ್ರತಿ ಏಟಿಗೂ ಮಣಿಕಟ್ಟನ್ನು ತಿರುಚುತ್ತದೆ. ಇನ್ನೊಂದು ಪರೀಕ್ಷೆ ಅರದ್ದು. ಬಾಯಿಯ ಮೇಲೆ ಅರ ಗಾಜಿನ ಮೇಲಿನಂತೆ ಜಾರಿದರೆ ಉಕ್ಕು ಅತಿ ಗಡಸು, ಒಣಗಿದ ಜಾಲಿಯ ಗಂಟಿಗೆ ಬಡಿದಾಗ ಚಕ್ಕೆ ಏಳುತ್ತದೆ. ತೀರಾ ಸಲೀಸಾಗಿ ಉಜ್ಜಿತೋ, ಮೆತ್ತಗೆ, ಬಾಯಿ ಮಡಚಿಕೊಳ್ಳುತ್ತದೆ. ಅರ ತುಸು ಬಿಗಿಯಾಗಿ ಕಚ್ಚುವುದೇ ಹದ.

ಈ ಹದ ಕುಲುಮೆಯಲ್ಲಿ ಹುಟ್ಟುವುದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕೊಡಲಿ ಬಡಿಯುವ ಕಮ್ಮಾರ ಬಾಯಿಯನ್ನು ಸುಮಾರು 800 ಡಿಗ್ರಿಯವರೆಗೆ ಕೆಂಪಗೆ ಕಾಯಿಸಿ ತಣಿಸುತ್ತಾನೆ. ಹಾಗೇ ಬಿಟ್ಟರೆ ಅದು ಗಾಜಿನಂತೆ ಸಿಡಿಯುತ್ತದೆ. ಆದ್ದರಿಂದ ಹಿಂಭಾಗದಲ್ಲಿ ಉಳಿದ ಬಿಸಿಯನ್ನು ಮೆಲ್ಲಗೆ ಬಾಯಿಯ ಕಡೆಗೆ ಹರಿಯಬಿಡುತ್ತಾನೆ. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬಣ್ಣಗಳು ಒಂದರ ಹಿಂದೊಂದು ಓಡಿಬರುತ್ತವೆ. ಕಂದು ನೇರಳೆಗೆ ತಿರುಗುವ ಹೊತ್ತಿಗೆ ಮತ್ತೆ ನೀರಿಗೆ. ಕ್ಷಣಗಳ ಆಟ ಇದು. ಸುಗ್ಗಿಯಲ್ಲಿ ಕಣದಲ್ಲೇ ಕಮ್ಮಾರನಿಗೆ ಆಯ ಅಳೆದು ಕೊಡುತ್ತಿದ್ದ ಊರುಗಳು ಬೆಲೆ ಕಟ್ಟಿದ್ದು ಬಣ್ಣ ಗುರುತಿಸುವ ಈ ಕಣ್ಣಿಗೆ. ನಿನ್ನ ಊರಿನ ಸುತ್ತ ಕುಲುಮೆ ಇನ್ನೂ ಉರಿಯುತ್ತಿದ್ದರೆ ಸಂತೆಯ ಕೊಡಲಿಗಿಂತ ಹೆಚ್ಚು ಕೊಟ್ಟಾದರೂ ಅಲ್ಲೇ ಮಾಡಿಸು. ಯಾವ ಮರಕ್ಕೆ ಎಂಬುದನ್ನೂ ಹೇಳು. ಹಸಿ ಮರ ಕಡಿಯಲು ತೆಳು ಬಾಯಿ, ಒಣ ಜಾಲಿಗೆ ಉಬ್ಬಿದ ಕೆನ್ನೆ, ಸೀಳಲು ಬೆಣೆಯಂಥ ದಪ್ಪ ಬೆನ್ನು. ಅಡಿಕೆ, ತೆಂಗಿಗೆ ಸುತ್ತಲೂ ಗಟ್ಟಿ, ಒಳಗೆ ಮೆದು ತಿರುಳು. ಹೊರಗಿನ ನಾರಿಗೆ ಚೂಪು ಬಾಯಿಯೇ ಆಗಬೇಕು.

ತೂಕ ಒಂದರಿಂದ ಒಂದೂವರೆ ಕಿಲೋ ಸಾಕು. ಭಾರದ ಕೊಡಲಿ ಬೆಳಿಗ್ಗೆ ಖುಷಿ ಕೊಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಗುರಿ ತಪ್ಪಿಸುತ್ತದೆ.

ಕೊಡಲಿ ಕಾವು ಕುಲಕ್ಕೆ ಸಾವು ಎಂಬ ಗಾದೆ ಮನೆ ಮುರಿಯುವವರನ್ನು ಕುರಿತದ್ದು. ಕೆಟ್ಟ ಕಾವು ಮಾತ್ರ ಹಿಡಿದವನಿಗೇ ಸಾವು. ಕಾವಿಗೆ ದಿಂಡಿಗ ಅಥವಾ ತಡಸಲು ಮರ ಸಿಕ್ಕರೆ ಬಿಡಬೇಡ. ಎರಡೂ ಏಟಿನ ನಡುಕವನ್ನು ನುಂಗಿ ಬಾಗುತ್ತವೆ, ಮುರಿಯುವುದಿಲ್ಲ. ಎಳೆ ಕಾವಿನ ಉದ್ದಕ್ಕೂ ಓಡಿರಬೇಕು, ಗಂಟಿರಬಾರದು, ಹಸಿಯಂತೂ ಕೂಡದು. ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿದ ಮೇಲೆಯೇ ಕೆತ್ತು. ಚಿತ್ರದುರ್ಗದ ಬಿಸಿಲು ಗೊತ್ತಲ್ಲ, ಮಾರ್ಚ್ ಬಂತೆಂದರೆ ಕಾವು ಕುಗ್ಗಿ ತಲೆ ಅಲುಗಾಡತೊಡಗುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಹಾಕುವುದು ಎಲ್ಲರ ಉಪಾಯ. ಬೆಳಿಗ್ಗೆ ಬಿಗಿಯಾಗಿರುತ್ತದೆ, ನಿಜ. ಆದರೆ ಉಬ್ಬಿದ ಎಳೆ ತೂತಿನೊಳಗೆ ನಜ್ಜಾಗಿ, ಒಣಗಿದಾಗ ಮೊದಲಿಗಿಂತ ಸಡಿಲವಾಗುತ್ತದೆ. ಬೆಣೆ ತೆಗೆದು ಹೊಸದು ಹೊಡೆ, ಕಾವಿಗೆ ಅಗಸೆ ಎಣ್ಣೆ ಕುಡಿಸು. ಅಲುಗುವ ತಲೆಯ ಕೊಡಲಿಯನ್ನು ಒಂದು ಏಟಿಗೂ ಎತ್ತಬೇಡ. ಅದು ಹಾರಿದರೆ ಎದುರಿಗೆ ನಿಂತವರಿಗೆ ತಪ್ಪಿಸಿಕೊಳ್ಳಲು ಹೊತ್ತು ಸಿಗದು.

ನಮ್ಮ ಜಿಲ್ಲೆಗೆ ಕೊಡಲಿ ನಿನ್ನೆ ಮೊನ್ನೆಯದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಉಜ್ಜಿ ನಯ ಮಾಡಿದ ಕಲ್ಲುಗೊಡಲಿಗಳು ಸಿಕ್ಕವು. ಅವು ಸಿಕ್ಕ ಕೆಳಪದರದ ಬದುಕಿಗೆ ಅವರು ಕೊಟ್ಟ ಹೆಸರೇ ಕಲ್ಲುಗೊಡಲಿ ಸಂಸ್ಕೃತಿ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡದಲ್ಲಿ ಆ ಕಾಲದವರು ಕೊಡಲಿ ಉಜ್ಜಿ ಬಿದ್ದ ಕುಳಿಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಎಷ್ಟು ದಿನ ಉಜ್ಜಿದ್ದರೋ!

ನಿನಗೆ ದಿನಕ್ಕೆ ಕಾಲು ಗಂಟೆ ಸಾಕು. ಒದ್ದೆ ಸಾಣೆಕಲ್ಲಿನ ಮೇಲೆ, ಎರಡು ಕೆನ್ನೆಗೂ ಸಮನಾಗಿ, ಕೆಲಸಕ್ಕೆ ಹೊರಡುವ ಮುಂಚೆಯೇ ಮಸೆ. ಕರೆಂಟಿನ ಸಾಣೆ ಚಕ್ರಕ್ಕೆ ಒತ್ತಿ ಹಿಡಿದರೆ ಕಿಡಿ ಚೆನ್ನಾಗಿ ಹಾರುತ್ತದೆ, ಬಾಯಿ ನೀಲಿಗಟ್ಟಿತೆಂದರೆ ಕಮ್ಮಾರ ಕೊಟ್ಟ ಹದ ಹೋದಂತೆ. ವರ್ಷಗಟ್ಟಲೆ ಮಸೆದು ಬಾಯಿ ದಪ್ಪವಾದಾಗ ಕುಲುಮೆಗೆ ಒಯ್ದು ಹಣಿಸು. ಸಂಜೆ ಒರೆಸಿ ಎಣ್ಣೆ ಸವರಿ, ಮಕ್ಕಳ ಕೈಗೆಟುಕದ ಕಡೆ ಇಡು.

ಇನ್ನೊಂದು ಮಾತು. ಕೂಲಿ ಒಪ್ಪುವ ಮುಂಚೆ ಅನುಮತಿ ಪತ್ರ ಕೇಳು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ತೆಂಗು, ನೀಲಗಿರಿ, ಸಿಲ್ವರ್ ಓಕ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಇದೆ. ವಿನಾಯಿತಿ ಇಲ್ಲದ ಮರ ಸ್ವಂತ ಹೊಲದಲ್ಲಿದ್ದರೂ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು.

ಆಯುಧಪೂಜೆಗೆ ಊರಿಗೆ ಬರುತ್ತೀಯಲ್ಲ, ಕೊಡಲಿಯನ್ನೂ ತಾ. ಕುಂಕುಮ ಹಚ್ಚುವ ಮೊದಲು ಕಾವು ಬಿಚ್ಚಿ ತೂತಿನೊಳಗೆ ತುಕ್ಕು ಹಿಡಿದಿದೆಯೋ ನೋಡೋಣ. ಒಣಗಿದ ದಿಂಡಿಗದ ತುಂಡೊಂದು ಅಟ್ಟದ ಮೇಲಿದೆ.

ಇಂತಿ,
ನಿನ್ನ ಹಿರಿಯಣ್ಣ