‘ಗಿವ್ ಎ ಹ್ಯಾಂಡ್’ ಮತ್ತು ‘ಕೈಕೊಡು’: ನುಡಿಗಟ್ಟಿನ ಪಾಠ

ಉದ್ದೇಶ: ಇಂಗ್ಲಿಷ್ ನುಡಿಗಟ್ಟನ್ನು ಬಿಡಿ ಶಬ್ದಗಳಿಂದಲ್ಲದೆ ಸಂದರ್ಭದಿಂದ ಗ್ರಹಿಸುವ ರೂಢಿಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು.

ಪೀಠಿಕೆ: ಅಕ್ಕಲಕೋಟ ತಾಲೂಕಿನ ವಾಗದರಿಯಂತಹ ಗಡಿಗ್ರಾಮದ ಕನ್ನಡ ವಿದ್ಯಾರ್ಥಿಯು ಮನೆಯಲ್ಲಿ ಕನ್ನಡವನ್ನೂ ಹೊರವ್ಯವಹಾರದಲ್ಲಿ ಮರಾಠಿಯನ್ನೂ ಕೇಳುತ್ತ ಬೆಳೆಯುತ್ತಾನೆ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತದೆ. ಹೀಗೆ ಮೂರು ಭಾಷೆಗಳು ಒಂದೇ ಮನಸ್ಸಿನಲ್ಲಿ ಸೇರುವಾಗ ಲಾಭವೂ ಉಂಟು, ತೊಡಕೂ ಉಂಟು.

‘ಪ್ಲೀಸ್ ಗಿವ್ ಮಿ ಎ ಹ್ಯಾಂಡ್’ ಎಂಬ ವಾಕ್ಯವನ್ನು ವಿದ್ಯಾರ್ಥಿಯು ‘ದಯವಿಟ್ಟು ನನಗೆ ಕೈಕೊಡು’ ಎಂದು ಬರೆದನೆನ್ನೋಣ. ಪ್ರತಿಯೊಂದು ಶಬ್ದದ ಅರ್ಥವೂ ಸರಿಯೇ. ಆದರೆ ಸಹಾಯ ಬೇಡಬೇಕಾದವನು ಮೋಸವನ್ನು ಬೇಡಿದಂತಾಯಿತು!

ವಿವರಣೆ: ಇಂಗ್ಲಿಷಿನಲ್ಲಿ ಕೈ ದುಡಿಮೆಯ ಸಂಕೇತ. ಹಡಗಿನ ಕೆಲಸಗಾರರನ್ನೂ ಕಾರಖಾನೆಯ ಕಾರ್ಮಿಕರನ್ನೂ ‘ಹ್ಯಾಂಡ್ಸ್’ ಎಂದೇ ಕರೆಯುವುದುಂಟು. ಆದ್ದರಿಂದ ಕೈ ನೀಡುವುದೆಂದರೆ ಕೆಲಸದಲ್ಲಿ ನೆರವಾಗುವುದು. ‘ಗಿವ್ ಹರ್ ಎ ಬಿಗ್ ಹ್ಯಾಂಡ್’ ಎಂದಾಗ ಮಾತ್ರ ಅರ್ಥ ಬೇರೆ. ಅಲ್ಲಿ ಚಪ್ಪಾಳೆ ತಟ್ಟಬೇಕು. ಮರಾಠಿಯ ‘ಹಾತ ದೇಣೆ’ಗೂ ಸಹಾಯ ಮಾಡುವುದೆಂದೇ ಅರ್ಥ.

ಕನ್ನಡದಲ್ಲಿ ‘ಕೈಹಿಡಿ’ ಎಂದರೆ ಆಸರೆಯಾಗು, ವಿವಾಹವಾಗು. ‘ಕೈಬಿಡು’ ಎಂದರೆ ತೊರೆ. ‘ಕೈಕೊಡು’ ಎಂದರೆ ಬೇಕಾದ ಹೊತ್ತಿನಲ್ಲಿ ವಂಚಿಸು. ಆದರೆ ಕೈಗೂ ದುಡಿಮೆಗೂ ಇರುವ ನಂಟು ಕನ್ನಡಕ್ಕೆ ಹೊಸದಲ್ಲ. ‘ಕೈಯಾಳು’, ‘ಕೈಜೋಡಿಸು’ ಎಂಬ ಶಬ್ದಗಳೇ ಇದಕ್ಕೆ ಸಾಕ್ಷಿ. ಮೂಟೆ ಎತ್ತುವಾಗ ಉತ್ತರದ ಆಡುಮಾತಿನಲ್ಲಿ ‘ಸ್ವಲ್ಪ ಕೈ ಹಚ್ಚು’ ಎನ್ನುತ್ತಾರೆ. ಮರಾಠಿಯಲ್ಲಿ ‘ಜರಾ ಹಾತ ಲಾವ’ ಎನ್ನುತ್ತಾರೆ. ‘ಗಿವ್ ಮಿ ಎ ಹ್ಯಾಂಡ್’ ಎಂಬುದಕ್ಕೆ ಸರಿಯಾದ ಕನ್ನಡವು ವಿದ್ಯಾರ್ಥಿಯ ಮನೆಮಾತಿನಲ್ಲಿಯೇ ಇದೆ!

ಮೂಲ: ‘ಕೈ’ ದ್ರಾವಿಡ ಶಬ್ದ, ತಮಿಳು, ತುಳುಗಳಲ್ಲಿಯೂ ಅದೇ ರೂಪವಿದೆ. ಸಂಸ್ಕೃತದ ‘ಹಸ್ತ’ವು ಪ್ರಾಕೃತದಲ್ಲಿ ‘ಹತ್ಥ’ವಾಗಿ ಮರಾಠಿಯಲ್ಲಿ ‘ಹಾತ’ ಆಯಿತು. ‘ಹ್ಯಾಂಡ್’ ಜರ್ಮಾನಿಕ್ ಶಬ್ದ. ‘ಗಿವ್’ ಶಬ್ದದ ಕಥೆ ಗಡಿನಾಡಿನವರಿಗೆ ವಿಶೇಷವಾದುದು. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ‘ಯ’ಕಾರದ ಉಚ್ಚಾರದಿಂದ ಆರಂಭವಾಗುತ್ತಿತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ನುಡಿಯ ಪ್ರಭಾವದಿಂದ ಅದಕ್ಕೆ ‘ಗ’ಕಾರ ಬಂದಿತು. ನೆರೆಹೊರೆಯ ಭಾಷೆಗಳು ನಿತ್ಯದ ಶಬ್ದವನ್ನೂ ಹೀಗೆ ಬದಲಿಸಬಲ್ಲವು. ಈ ಭಾಗದ ಕನ್ನಡಕ್ಕೆ ‘ಇಯತ್ತೆ’ ಮರಾಠಿಯಿಂದ ಬಂದಂತೆ, ಮರಾಠಿಗೆ ‘ಅಣ್ಣಾ’, ‘ಅಕ್ಕಾ’ ಕನ್ನಡದಿಂದ ಹೋಗಿವೆ.

ವರ್ಗದಲ್ಲಿ ಚಟುವಟಿಕೆ: ಫಲಕದ ಮೇಲೆ ಮೂರು ಕಾಲಮು ಹಾಕಿ ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಬರೆಯಬೇಕು. ಕೈಗೆ ಸಂಬಂಧಿಸಿದ ನುಡಿಗಟ್ಟುಗಳನ್ನು ಮನೆಯ ಹಿರಿಯರಿಂದ ಕೇಳಿಕೊಂಡು ಬರಲು ವಿದ್ಯಾರ್ಥಿಗಳಿಗೆ ಹೇಳಬೇಕು. ಪ್ರತಿಯೊಂದನ್ನೂ ವಾಕ್ಯದಲ್ಲಿ ಬಳಸಿದ ಅನಂತರವೇ ಫಲಕದ ಮೇಲೆ ಬರೆಯಿಸಬೇಕು.

ಸ್ವಾಧ್ಯಾಯ: ‘ಈ ವರ್ಷ ಮಳೆ ಕೈಕೊಟ್ಟಿತು’ ಎಂಬುದನ್ನು ಉಳಿದೆರಡು ಭಾಷೆಗಳಲ್ಲಿ ಹೇಳಿರಿ. (ಸೂಚನೆ: ಮರಾಠಿಯಲ್ಲಿ ‘ಪಾವಸಾನೆ ದಗಾ ದಿಲಾ’, ಇಂಗ್ಲಿಷಿನಲ್ಲಿ ‘ದಿ ರೇನ್ಸ್ ಫೇಲ್ಡ್’. ಎರಡರಲ್ಲಿಯೂ ಕೈ ಇಲ್ಲ.)

ಶಿಕ್ಷಕರಿಗೆ ಸೂಚನೆ: ‘ಕೈಕೊಡು’ ಎಂದು ಬರೆದ ವಿದ್ಯಾರ್ಥಿಯನ್ನು ನಗೆಗೀಡು ಮಾಡಬಾರದು. ಅವನಿಗೆ ಶಬ್ದಗಳು ಗೊತ್ತಿವೆ, ರೂಢಿಯಷ್ಟೇ ತಿಳಿಯಬೇಕಾಗಿದೆ. ‘ಮೂಟೆ ಎತ್ತುವಾಗ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಕೇಳಿದರೆ ಉತ್ತರವನ್ನು ಅವನೇ ಕೊಡುತ್ತಾನೆ.